ವಿಷಯ: ಮುಖ ತೋರಿಸುವ ಕುರಿತು

‘ಮಾನ್ಯ ಪ್ರಾಂಶುಪಾಲರೇ’
ಎಂದು ಬರೆದು ಅರ್ಧ ಗಂಟೆಯಾಯಿತು.
ಮಂಡಕ್ಕಿ ಚೀಲದ ಮೇಲೆ ರಟ್ಟು, ರಟ್ಟಿನ ಮೇಲೆ ಕಾಗದ,
ಬಾಷಾ ನಗರದ ಹೊಗೆ ಅಕ್ಷರದ ಮೇಲೆಲ್ಲ.

ನನಗೆ ಬೇಕಾದ್ದು ಎರಡೇ.
ಎಡಗಡೆ ಮೊದಲ ಬೆಂಚು, ಬಲಗಿವಿ ಇನ್ನೂ ಸ್ವಲ್ಪ ದುಡಿಯುತ್ತದೆ.
ಮತ್ತೆ, ಪಾಠ ಮಾಡುವವರು
ಬೋರ್ಡಿಗಲ್ಲ, ನಮಗೆ ಹೇಳಬೇಕು.
ಬರೆಯುವಾಗ ಬರೆಯಲಿ, ಮಾತಾಡುವಾಗ ತಿರುಗಲಿ.
ಇದನ್ನು ಸರ್ಕಾರಿ ಕನ್ನಡದಲ್ಲಿ ಹೇಗೆ ಬರೆಯುವುದು?
‘ಮುಖ ತೋರಿಸಲು ಕೋರಿ’ ಎಂದರೆ
ಹೆಣ್ಣು ನೋಡಲು ಬಂದವರ ಮಾತಾಗುತ್ತದೆ.

ಚಿಗಟೇರಿ ಆಸ್ಪತ್ರೆಯ ಗಾಜಿನ ಗೂಡಿನಲ್ಲಿ
ಕೇಳಿದಾಗ ಬೆರಳೆತ್ತು ಅಂದಿದ್ದರು.
ಕೇಳದಿದ್ದಾಗ ಏನೆತ್ತಬೇಕೆಂದು ಹೇಳಲಿಲ್ಲ.
ಕೊಟ್ಟ ಕಾರ್ಡಿನಲ್ಲಿ ಅರವತ್ತೆರಡು ಪರ್ಸೆಂಟು.
ಪಿಯುಸಿಯ ಎಂಬತ್ತೊಂದಕ್ಕೆ ಅಬ್ಬ ಓಣಿಗೆಲ್ಲ ಪೇಡ ಹಂಚಿದ,
ಇದನ್ನು ಮಾತ್ರ ರೇಷನ್ ಕಾರ್ಡಿನ ಹಿಂದೆ ಇಟ್ಟ.
ಇಲಾಖೆಯ ಮಿಷನ್ನೂ ಒಂದಿದೆ;
ಬೆವರಿಗೆ ವಾರಕ್ಕೊಮ್ಮೆ ಮುನಿಯುತ್ತದೆ.

ನಿಮಗೆ ಗೊತ್ತಿರಲಿಕ್ಕಿಲ್ಲ, ಸರ್,
ಪ, ಬ, ಮ ತುಟಿಯ ಮೇಲೆ ಒಂದೇ ಅಕ್ಷರ.
ಬರ, ಮರ, ಪರ: ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ
ಸುತ್ತಲ ಮಾತು ನೋಡಿ ಆರಿಸಬೇಕು.
ಪೇಡ, ಬೇಡ: ಕೊಡುವ ಕೈ ನೋಡದೆ ಹೇಳಲಾರೆ.
ಅಪ್ಪ, ಅಬ್ಬ, ಅಮ್ಮ: ಮೂವರನ್ನೂ ಒಂದೇ ತುಟಿ ಕರೆಯುತ್ತದೆ.
ಮೀಸೆ ಇಳಿಬಿಟ್ಟವರಂತೂ
ನನ್ನ ಮುಂದೆ ಪರದೆ ಹಾಕಿಕೊಂಡವರೇ.

ಭಟ್ಟಿಯಲ್ಲಿ ಈ ತೊಂದರೆಯಿಲ್ಲ.
ಅಲ್ಲಿ ಬೆಳಗಿನ ನಾಲ್ಕರಿಂದ ಎಲ್ಲರೂ ಕಿವುಡರು.
ಮರಳು ಕಾದು ಅಕ್ಕಿ ಸಿಡಿಯುವಾಗ
(ನನಗದು ಅಂಗಾಲಿಗೆ ಗೊತ್ತಾಗುತ್ತದೆ)
ಅಬ್ಬ ಎರಡು ಬೆರಳೆತ್ತಿದರೆ ಇನ್ನೆರಡು ಸೇರು,
ಹುಬ್ಬೆತ್ತಿದರೆ ಉರಿ ಸಾಕು,
ಅಂಗೈ ಮೇಲೆ ಮಾಡಿದರೆ: ಏನಂದೆ? ಇನ್ನೊಮ್ಮೆ.
ಯಾರೂ ಯಾರಿಗೂ ಬೆನ್ನು ಹಾಕಿ ಮಾತಾಡುವುದಿಲ್ಲ.
ಇದಕ್ಕೆ ಯಾರಾದರೂ ಅರ್ಜಿ ಕೊಟ್ಟದ್ದು ನಾ ಕಾಣೆ.

ಕೊನೆಗೆ ಬರೆದೆ:
‘ಸೂಕ್ತ ಅನುಕೂಲ ಕಲ್ಪಿಸಿಕೊಡಬೇಕಾಗಿ ವಿನಂತಿ.’
ಅದರಲ್ಲಿ ನನ್ನ ಬೆಂಚೂ ಇಲ್ಲ, ಯಾರ ತುಟಿಯೂ ಇಲ್ಲ.
ಹೊಡೆದು ಹಾಕಿ ಮತ್ತೆ ಬರೆದೆ:
‘ದಯವಿಟ್ಟು ನನ್ನ ಕಡೆ ತಿರುಗಿ ಮಾತಾಡಿ.
ನಿಧಾನ ಬೇಡ, ಜೋರು ಬೇಡ, ತಿರುಗಿದರೆ ಸಾಕು.
ಇತಿ, ಚಮನ್‌ಬೀ ಡಿ., ಪ್ರಥಮ ಬಿ.ಎ.’

ಆಫೀಸಿನ ಕಿಟಕಿಯ ಸರಳು ಗುಮಾಸ್ತರ ಬಾಯಿಗೆ ಅಡ್ಡ.
ಕಾರ್ಡು ನೋಡಿದ್ದೇ ಕೂಗತೊಡಗಿದರು, ಪಾಪ;
ಕೂಗಿದರೆ ತುಟಿ ಹರಿದು ಅಕ್ಷರ ಚೆಲ್ಲುತ್ತದೆ.
ಸೀಲು ಹೊಡೆದರು. ನಂಬರು ನೂರ ಹದಿನೇಳು.

ಒಳಗೆ ಪ್ರಾಂಶುಪಾಲರು ಓದಿದರು, ಕನ್ನಡಕ ತೆಗೆದರು,
ಪೇಪರ್‌ವೇಟಿನ ಕಡೆ ನೋಡಿ ಏನೋ ಅಂದರು.
ಮೆಟ್ಟಿಲಿಳಿದು, ಸೈಕಲ್ ಸ್ಟ್ಯಾಂಡಿನ ಹತ್ತಿರ, ಅಬ್ಬನ ಅಂಗಿ ಜಗ್ಗಿದೆ.
ಏನಂದರು?
ಎದುರು ನಿಂತು, ಬಾಯಿ ಅಗಲಿಸಿ, ಅಬ್ಬ:
‘ನೋಡಣ ಅಂದ್ರು.’
ನೋಡಣ!
ನಾನು ಬರೆದು ಕೇಳಿದ್ದೂ ಅದನ್ನೇ ಅಲ್ಲವಾ.
ನನಗೆ ನಗು ಬಂತು. ಅಬ್ಬನಿಗೆ ಬರಲಿಲ್ಲ,
ಭಟ್ಟಿಯ ಒಂದು ಪಾಳಿ ಬಿಟ್ಟು ಬಂದಿದ್ದ.

ಸೋಮವಾರ. ಇತಿಹಾಸ. ನನಗೆ ಸಿಕ್ಕದ್ದು ನಾಲ್ಕನೇ ಬೆಂಚು,
ಮೊದಲನೆಯದರ ಮೇಲೆ ಮೊದಲೇ ಬಂದವರ ಬ್ಯಾಗು.
ಮೇಷ್ಟ್ರು ಅರ್ಧ ವಾಕ್ಯ ನಮಗೆ, ಅರ್ಧ ಬೋರ್ಡಿಗೆ.
ನೋಟ್ಸಿನ ತುಂಬ ತಲೆಯಿದ್ದು ಬಾಲವಿಲ್ಲದ ರಾಜರು:
ಯುದ್ಧಕ್ಕೆ ಹೊರಟರು, ಗೆದ್ದರೋ ಸೋತರೋ
ಮೇಷ್ಟ್ರ ಹೆಗಲಾಚೆ ಉಳಿಯಿತು.
ಮಿಷನ್ನಿನಲ್ಲಿ ಫ್ಯಾನಿನ ಗೊರಗೊರ ಮಾತ್ರ.

ಕೈ ತಾನಾಗಿ ಎದ್ದಿತು, ಭಟ್ಟಿಯ ಕೈ,
ಅಂಗೈ ಮೇಲೆ.
ಐವತ್ತು ಮುಖ ತಿರುಗಿದವು. ಆಮೇಲೆ,
ಚಾಕ್‌ಪೀಸು ಹಿಡಿದೇ, ಅವರದ್ದು.
ಏನಮ್ಮ ಅಂದರೋ, ಏನಪ್ಪ ಅಂದರೋ,
ತುಟಿಗೆ ಭೇದವಿಲ್ಲ.
ನನ್ನ ಕಡೆಗೇ ಅಂದರು.