ಸೀಗಡಿ ಬದುಕಿದೆಯಾ

ಶನಿವಾರ ಒಂದು, ಭಾನುವಾರ ರಾತ್ರಿ ಎರಡು,
ಸೋಮವಾರ ಹಾಲು ಉಕ್ಕುವಷ್ಟರಲ್ಲಿ ಉಳಿದದ್ದೂ.
ಬಲೆ ಕೈಗೆ ಸಿಗಲಿಲ್ಲ, ಚಹಾ ಸೋಸುವ ಜಾಲರಿಯಲ್ಲೇ ಎತ್ತಿದೆ.
ವಿಶಾಲು ಆ ಜಾಲರಿಯನ್ನು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.

ನಾನು ಲಿಫ್ಟ್ ಮೆಕ್ಯಾನಿಕ್ಕು. ಇಪ್ಪತ್ತೆರಡು ವರ್ಷ.
ಹದಿನೇಳನೇ ಮಹಡಿಯಲ್ಲಿ ಪೆಟ್ಟಿಗೆ ಸಿಕ್ಕಿಕೊಂಡರೆ
ಬಾಗಿಲು, ಫ್ಯೂಸು, ಬ್ರೇಕು, ಹಗ್ಗ ಅಂತ
ಒಂದೊಂದೇ ಕಳೆಯುತ್ತಾ ಹೋಗುತ್ತೇನೆ;
ಕಳೆದು ಕಳೆದು ಕೊನೆಗೆ ಉಳಿದದ್ದೇ ತಪ್ಪಿತಸ್ಥ.
ನೀರನ್ನೂ ಹಾಗೇ ಕಳೆಯಲು ಕೂತೆ.

ಉಪ್ಪು ಸರಿಯಿತ್ತು. ಈ ಊರಲ್ಲಿ ಸಮುದ್ರವೆಂದರೆ
ಫಿಲ್ಟರು ನೀರಿಗೆ ಚೀಲದಿಂದ ಅಳೆದು ಸುರಿದದ್ದು ತಾನೆ,
ಕಡಲಿಗಿಂತ ಮೂರು ಸಾವಿರ ಅಡಿ ಮೇಲೆ
ಸುಬೇದಾರ್‌ಪಾಳ್ಯದ ಬಾಡಿಗೆ ಮನೆಯಲ್ಲಿ
ಬಕೆಟ್ಟಿನಲ್ಲಿ ಕಲಕಿದ ಅರಬ್ಬಿ.
ಅಮೋನಿಯಾಕ್ಕೆ ಹನಿ ಬಿಟ್ಟು ಕೊಳವೆ ಕುಲುಕಿದೆ:
ಹಳದಿ ಹಳದಿಯೇ, ಹಸಿರಿಗೆ ತಿರುಗಲಿಲ್ಲ.
ಶಾಖ ಇಪ್ಪತ್ತಾರು.
ಹೀಟರು ಸೀಳಿ ಕರೆಂಟು ಸೋರುತ್ತಿದೆಯೇನೋ ಅಂತ
ಮೀಟರಿನ ಕಡ್ಡಿ ಅದ್ದಿದೆ. ಸೊನ್ನೆ.

ಆಮೇಲೆ ಮನುಷ್ಯರನ್ನು ಕಳೆಯಲು ಹೊರಟೆ. ಅದೇ ಕೆಟ್ಟದ್ದು.
ಕೆಳಮನೆಯವರು ಜಿರಲೆಗೆ ಹೊಡೆಸಿದ ಔಷಧಿ,
ಶುಕ್ರವಾರ ಬೀದಿಯಲ್ಲಿ ಸೊಳ್ಳೆ ಹೊಗೆ ಬಿಟ್ಟುಹೋದವನು,
ಎಲ್ಲಿಯ ಬೋರ್‌ವೆಲ್ಲೋ, ಆ ಟ್ಯಾಂಕರಿನವನು,
ವಿಶಾಲು ಗಾಜು ಒರೆಸುವ ನೀಲಿ ಬಾಟಲಿ.
ಕೊನೆಗೆ ಮಗಳು.
"ಕೈ ತೊಳೆದೇ ಅದ್ದಿದ್ಯಾ? ನಿಜ ಹೇಳು."
ಒಂಬತ್ತು ವರ್ಷ ಅವಳಿಗೆ.
ತನ್ನ ಅಂಗೈಯನ್ನು ತಾನೇ ಮೂಸಿ ನೋಡಿಕೊಂಡಳು.

ಶಿವಾಜಿನಗರಕ್ಕೆ ಫೋನು ಹಚ್ಚಿದೆ. ಜಬೀವುಲ್ಲಾ
ಉಪ್ಪು ಕೇಳಲಿಲ್ಲ, ಶಾಖ ಕೇಳಲಿಲ್ಲ.
"ಸೀಗಡಿ ಬದುಕಿದೆಯಾ?"
ಬದುಕಿದೆ. ಬಸವನಹುಳುಗಳೂ ಗಾಜಿನ ಮೇಲೆ ತಮ್ಮ ಪಾಡಿಗೆ.
"ಹಂಗಾದ್ರೆ ವಿಷ ಅಲ್ಲಣ್ಣ. ವಿಷ ಆಗಿದ್ರೆ ಮೊದಲು ಹೋಗೋದೇ ಅದು.
ಸಾಯೋಕೆ ಮುಂಚೆ ಪಂಪಿನ ಬಾಯಿಗೆ ಎದುರಾಗಿ ನಿಂತಿದ್ವಾ?
ಮೈಮೇಲೆ ಏನಾದ್ರೂ ಪುಡಿ?"

ನಿಂತಿದ್ದವು. ಆಟ ಅಂದುಕೊಂಡಿದ್ದೆವು.
ಪುಡಿ...
ಗುರುವಾರ ಸಂಜೆ ಕೋಣೆಯ ದೀಪ ಆರಿಸಿ
ತನ್ವಿತಾ ಟಾರ್ಚು ಬಿಟ್ಟು ಕೂಗಿದ್ದಳು,
"ಅಪ್ಪಾ, ಬಂಗಾರ ಹಚ್ಕೊಂಡಿದೆ ನೋಡು!"
ಕಿತ್ತಳೆ ಮೈಯ ತುಂಬ ಜರಡಿ ಹಿಡಿದಂತೆ ಮಿನುಗು.
ಮೂವರೂ ಬಗ್ಗಿ ನೋಡಿದೆವು, ಉಸಿರು ಗಾಜಿಗೆ ತಾಗುವಷ್ಟು.
ಫೋಟೋ ಇದೆ ಫೋನಿನಲ್ಲಿ.
ನೆಂಟರು ಹದಿನಾಲ್ಕು ಜನ ಕೆಂಪು ಹೃದಯ ಕಳಿಸಿದ್ದಾರೆ.

"ಅದೇ ರೋಗ," ಅಂದ. "ಹೊಸಾದು ಯಾವಾಗ ಬಿಟ್ಟೆ?"
ಅವಳ ಹುಟ್ಟುಹಬ್ಬಕ್ಕೆ. ಅವನ ಅಂಗಡಿಯದೇ, ಆ ಹಳದಿ.
ತಿಂಗಳೊಪ್ಪತ್ತು ಬೇರೆ ತೊಟ್ಟಿಯಲ್ಲಿಡು ಅಂದಿದ್ದ.
ಅವಳು ಮೇಣದಬತ್ತಿ ಊದುವ ಮೊದಲೇ
ನೀರಿಗೆ ಬಿಟ್ಟದ್ದು ಈ ಕೈ.
ಲೈನಿನಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.
ಹಿಂದೆ ಯಾರೋ ಗಿರಾಕಿ ಬೆಲೆ ಕೇಳುತ್ತಿದ್ದ.

ಆರು ವಾರ ಮೀನು ಬಿಡುವಂತಿಲ್ಲ.
ಹಸಿದು ಸಾಯಬೇಕಂತೆ, ಕಣ್ಣಿಗೆ ಕಾಣದ ಆ ಬಂಗಾರ.
ಪಂಪು ಓಡುತ್ತದೆ, ಬೆಸ್ಕಾಂ ಬಿಲ್ಲು ಓಡುತ್ತದೆ,
ಸಂಜೆ ಐದಕ್ಕೆ ನೀಲಿ ದೀಪ
ಯಾರಿಗೂ ಅಲ್ಲದೆ ತಾನಾಗಿ ಹತ್ತಿಕೊಳ್ಳುತ್ತದೆ.
ಬಂಗಾರದ ವಿಷಯ ಅವಳಿಗಿನ್ನೂ ಹೇಳಿಲ್ಲ,
ಕೈ ತೊಳೆದ ಮಾತು ವಾಪಸು ತೆಗೆದುಕೊಂಡೂ ಇಲ್ಲ.

ಕಲ್ಲಿನ ಸಂದಿಯಲ್ಲಿ ಕೆಂಪು ಬೆನ್ನಿನ ಸೀಗಡಿ.
ಮೀನುಗಳ ಹಲ್ಲು ಕಿವಿರು ಚೊಕ್ಕ ಮಾಡುವುದು ಅದರ ಕಸುಬು;
ಬಿಳಿ ಮೀಸೆ ಬೀಸುತ್ತಾ, ಬನ್ನಿ ಬನ್ನಿ ಅಂತ
ಗಿರಾಕಿಯಿಲ್ಲದ ಅಂಗಡಿ ತೆರೆದು ನಿಂತಿದೆ.
ಶಾಲೆಯಿಂದ ಬಂದ ತನ್ವಿತಾ
ಕೈ ತೊಳೆದು, ಮತ್ತೊಮ್ಮೆ ತೊಳೆದು,
ಮೂಸಿ,
ಒಂದೇ ಒಂದು ಬೆರಳನ್ನು ಒಳಗಿಳಿಸುತ್ತಾಳೆ.
ಅದು ಬಂದು ಉಗುರಿನಂಚು ಕೆರೆಯುತ್ತದೆ.