ಠರಾವಿನ ಮರುದಿನ

ಸೋಲಾಪುರದ ಸಾಹೇಬರು ಕಾಗದ ಓದಿದರು ಮರಾಠಿಯೊಳಗ,
ತಿಳಿಸಿ ಹೇಳು ಅಂತ ನನ್ನ ಕಡೆ ನೋಡಿದರು.
ಹೇಳೂದೇನಿತ್ತು?
ಅಲ್ಲೂ ಅವಿಶ್ವಾಸ, ಇಲ್ಲೂ ಅವಿಶ್ವಾಸ,
ಠರಾವು ಅಂದರ ಎರಡೂ ಕಡೆ ಠರಾವು.
ಗಡಿಕಲ್ಲು ನೆಟ್ಟವರು ಈ ಎರಡು ಶಬ್ದ ಮರತಿರಬೇಕು.

ನಾಗಣಸೂರ ರಸ್ತೆಗೆ ನಮ್ಮ ಹಾಲಿನ ಸೊಸಾಯಿಟಿ.
ಹನ್ನೊಂದು ಮಂದಿ ಡೈರೆಕ್ಟರು, ಒಂಬತ್ತು ಕುರ್ಚಿ.
ನಡುವಿನದರೊಳಗ ಚನ್ನಮಲ್ಲಪ್ಪ ಬಿರಾದಾರ,
ಹದಿನೆಂಟು ವರ್ಷದ ಚೇರ್ಮನ್ನರು,
ಟೊಪ್ಪಿಗಿ ತೆಗೆದು ಮೊಣಕಾಲ ಮ್ಯಾಲೆ ಇಟ್ಟುಕೊಂಡಿದ್ದರು.

ಹಿಂಡಿ ಚೀಲ ಹದಿನಾಲ್ಕು, ಹೋದವೆಲ್ಲಿ?
ಅವರು ಬಾಯಿ ಬಿಡಲಿಲ್ಲ.
ಭೌರಮ್ಮನ ಎಮ್ಮಿ ಈದಾಗ ಎರಡು,
ಮಗಳ ಮದುವಿಗೆ ರೊಕ್ಕ ಹೋದ ತಿಂಗಳು ಸಿದ್ರಾಮನಿಗೆ ಮೂರು,
ಬರೀಬ್ಯಾಡ, ಒಯ್ಯಿ, ಆಮ್ಯಾಲೆ ನೋಡೋಣು.
ಒಂದು ನನ್ನ ಮನಿಗೂ ಬಂದಿತ್ತು. ಚೀಲ ಇನ್ನೂ ಅದ,
ಅದರ ಮ್ಯಾಲೆ ನನ್ನ ಹುಡುಗ ಮಲಗತಾನ.
ಠರಾವಿನ ಕೆಳಗ ಮೊದಲನೇ ಸಹಿ ಸಿದ್ರಾಮಂದು.

ನೌಕರನಿಗೆ ಮತ ಇಲ್ಲ, ಎಣಿಸೂದು ಅದ.
ನಿನ್ನ ಕಣ್ಣು ಸಣ್ಣ ಗೆರಿ ಓದತಾವ, ಅಂದರು.
ಪೆಟ್ಟಿಗಿ ಇರಲಿಲ್ಲ. ಲಾಡ್ಲೇಸಾಬ
ಐದು ಲೀಟರಿನ ಕ್ಯಾನು ತೊಳೆದು ತಂದಿಟ್ಟ.
ಚೀಟಿ ಹಸಿಯಾಗಿ ಬಂದವು, ಹಾಲಿನ ವಾಸನಿ.
ಇಳೀಲಿ ಅಂತ ಎಂಟು.
ಇರಲಿ ಅಂತ ಮೂರು.
ಎಂಟರೊಳಗ ಒಂದರ ಅಕ್ಷರ ನನಗ ಗೊತ್ತು,
ತಿಂಗಳಾ ನನ್ನ ಪಗಾರಕ್ಕ ಸಹಿ ಮಾಡಿದ ಅಕ್ಷರ.
ಸಾಹೇಬರಿಗೆ ಲೆಕ್ಕ ಹೇಳಿದೆ, ಅಕ್ಷರದ ಮಾತು ಹೇಳಲಿಲ್ಲ.

ಮುಂಜಾನೆ ಐದೂವರಿಗೆ ಪಾಳಿಯೊಳಗ ಅವರು,
ಹಿಂದ ಸಿದ್ರಾಮ, ಮುಂದ ಭೌರಮ್ಮ.
ಹದಿನೆಂಟು ವರ್ಷ ಅವರ ಹಾಲು ಒಂದು ಸಲಾನೂ ನೋಡಿದ್ದಿಲ್ಲ,
ಸೀದಾ ಸುರುವುತ್ತಿದ್ದೆ.
ಇವತ್ತೂ ಹಂಗ ಎತ್ತಿದೆ. ಮಣಿಕಟ್ಟು ಹಿಡಿದರು.
‘ಕಾಚು ಹಾಕು.’

ಲ್ಯಾಕ್ಟೋಮೀಟರು ಮುಳುಗಿತು, ಎದ್ದಿತು,
ನಿಲ್ಲಲೊಲ್ಲದು.
ಪಾಳಿಯೊಳಗ ಕೆಮ್ಮು ಸೈತ ಇಲ್ಲ.
‘ಗಟ್ಟಿಯಾಗಿ ಓದು.’
ಏಕೋಣತೀಸ, ಅಂದೆ, ರಿಜಿಸ್ಟರಿನ ಭಾಷೆಯೊಳಗ.
‘ಮಂದಿಗೆ ತಿಳಿಯೂ ಹಂಗ.’
ಇಪ್ಪತ್ತೊಂಬತ್ತು.

ಚೀಟಿ ತಗೊಂಡು, ಖಾಲಿ ಕ್ಯಾನು ಬಗಲಿಗೆ ಹಾಕಿ, ಹೊಂಟರು.
ಭೌರಮ್ಮ ತನ್ನ ಕ್ಯಾನಿನ ಮುಚ್ಚಳ
ಹಚ್ಚತಿದ್ದಳು, ತಗೀತಿದ್ದಳು,
ಮತ್ತ ಹಚ್ಚತಿದ್ದಳು.