ಷರಾ

ಮುಳಬಾಗಿಲು ಕೋರ್ಟಿನ ಕಾಂಪೌಂಡು, ಹೊಂಗೆ ಮರ,
ಅದರಡಿ ನನ್ನ ಟೇಬಲ್ಲು, ಟೈಪ್‌ರೈಟರು.
ಕ-ವತ್ತಿನ ಅಚ್ಚು ಸವೆದಿದೆ.
'ಹಕ್ಕು' ಬಂದಲ್ಲೆಲ್ಲ ಪೆನ್ನಿನಿಂದ ತಿದ್ದಬೇಕು.
ಇವತ್ತು ಒಂದೇ ಅರ್ಜಿಯಲ್ಲಿ ಹದಿನೇಳು ಸಲ.

ಎದುರಿಗೆ ಗಂಗುಲಮ್ಮ,
ಮಡಿಲಲ್ಲಿ ಮಗನ ಚಪ್ಪಲಿ, ಒಂದೇ ಒಂದು.
ವಡ್ಡಹಳ್ಳಿ ಮಂಡಿಯಲ್ಲಿ ಟೊಮೆಟೊ ಕ್ರೇಟು ಹೊರುವ ಅಂಜಪ್ಪನನ್ನು
ಶುಕ್ರವಾರ ಕರೆದೊಯ್ದರು, ಮಂಗಳವಾರ ಬಿಟ್ಟರು.
ನಡುವಿನ ನಾಲ್ಕು ರಾತ್ರಿ ಯಾವ ದಫ್ತರಿನಲ್ಲೂ ಇಲ್ಲ,
ಅವನ ಅಂಗಾಲಿನಲ್ಲಿವೆ.

ಸೊಣ್ಣಪ್ಪ ಲಾಯರು ಹೇಳುತ್ತಾ ಹೋದರು, ನಾನು ಹೊಡೆಯುತ್ತಾ ಹೋದೆ:
ಸಂವಿಧಾನದ ಇಪ್ಪತ್ತೊಂದು, ಇಪ್ಪತ್ತೆರಡು,
ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ...
ಬೆರಳಿಗೆ ರೂಢಿಯಾದ ದಾರಿ.
ಆಮೇಲೆ ಬ್ಯಾಗಿನಿಂದ ಇಂಗ್ಲಿಷಿನ ಜೆರಾಕ್ಸು,
ದೇಶದೇಶಗಳು ಕೂಡಿ ಬರೆದ ಒಡಂಬಡಿಕೆ:
ಅಕ್ರಮವಾಗಿ ಹಿಡಿದಿಟ್ಟರೆ, ಪರಿಹಾರ ಕೇಳಬಹುದು.
"ಇದನ್ನೂ ಕನ್ನಡ ಮಾಡಿ ಹಾಕು, ಶಮೀಮ್."

ಕೊನೆಯ ಪುಟದಲ್ಲಿ ಎಡವಿದೆ.
ನಮ್ಮ ದೇಶದ ಹೆಸರಿನೆದುರು 'ರಿಸರ್ವೇಷನ್' ಅಂತಿತ್ತು;
'ಮೀಸಲಾತಿ' ಎಂದು ಬಾಯಲ್ಲಿ ಅಂದುಕೊಂಡೇ ಹೊಡೆದೆ.
ಗಂಗುಲಮ್ಮ ಕತ್ತೆತ್ತಿದಳು:
"ನಮ್ ಮೀಸಲಾತೀನಾ ಸಾರ್? ಫಾರಿನ್‌ನಾಗೂ ಐತಾ?"

ಲಾಯರು ನಗಲಿಲ್ಲ.
"ಅಲ್ಲಮ್ಮ, ಇದು ಸರ್ಕಾರ ತನಗೆ ತಾನೇ ಇಟ್ಟುಕೊಂಡ ಮೀಸಲು.
ಒಪ್ಪಿ ಸಹಿ ಹಾಕಿ, ಕೆಳಗೊಂದು ಷರಾ ಬರೆದವ್ರೆ,
ಆ ಪರಿಹಾರದ ಮಾತು ನಮ್ಮಲ್ಲಿ ನಡೆಯಲ್ಲ ಅಂತ."
"ಹಿಂಸೆ ಕೂಡದು ಅನ್ನೋ ಇನ್ನೊಂದು ಕಾಗದ ಇತ್ತಲ್ಲ?" ಕೇಳಿದೆ.
"ಅದಕ್ಕೆ ವೀಳ್ಯಶಾಸ್ತ್ರ ಆಗಿದೆ. ತಾಳಿ ಕಟ್ಟಿಲ್ಲ.
ಇಪ್ಪತ್ತೈದು ವರ್ಷ ದಾಟಿತು."

ಆದರೂ ದೊಡ್ಡ ಕೋರ್ಟುಗಳು
ಆ ಇಪ್ಪತ್ತೊಂದರಿಂದಲೇ ಪರಿಹಾರ ಕೊಡಿಸಿವೆಯಂತೆ,
ಗೊಡ್ಡು ಎಂದು ಬರೆದಿಟ್ಟ ಹಸುವಿನ ಕೆಚ್ಚಲಿಗೆ
ಯಾರೋ ಕೈಯಿಟ್ಟು ಹಾಲು ಕರೆದ ಹಾಗೆ.
ಹೊರಗಿನ ಕಾಗದ ಇಡುವುದೋ ತೆಗೆಯುವುದೋ,
ಟೀ ತಣ್ಣಗಾಗುವಷ್ಟು ಹೊತ್ತು ಯೋಚಿಸಿ
"ಇರಲಿ, ಸಾಕ್ಷಿಗಿರಲಿ" ಎಂದರು.

ಗಂಗುಲಮ್ಮ ಆ ಚಪ್ಪಲಿ ತೆಗೆದು ಟೇಬಲ್ಲಿನ ಮೇಲಿಟ್ಟಳು,
ಒಡಂಬಡಿಕೆಯ ಪಕ್ಕಕ್ಕೆ.
"ಸಾರ್, ಠಾಣೆಯಾಗೆ ನನ್ ಹೆಬ್ಬೆಟ್ಟು ಒತ್ತಿಸ್ಕಂಡವ್ರೆ.
ಏನೂ ಬರೀದಿರೋ ಬಿಳೀ ಹಾಳೆ.
ಮಗನ್ನ ಬಿಡ್ತೀವಿ ಅಂದ್ರು, ಒತ್ತಿದೆ.
ಸಹಿ ಹಾಕಿದ ಮ್ಯಾಗೂ ಷರಾ ಬರೀಬೋದು ಅಂದ್ರಲ್ಲ,
ನನ್ ಹೆಬ್ಬೆಟ್ಟಿನ ಕೆಳಗೂ ಒಂದು ಬರ್ಕೊಡಿ."

ಲಾಯರು ನನ್ನ ಮುಖ ನೋಡಿದರು.
ಹೊಸ ಹಾಳೆ ಏರಿಸಿದೆ, ಕಾರ್ಬನ್ ಇಟ್ಟೆ.
'ಷರಾ' ಎಂದು ಹೊಡೆದು ಅಡಿಗೆರೆ ಎಳೆದು
"ಹೇಳಮ್ಮ" ಎಂದೆ.

ಹೇಳತೊಡಗಿದಳು, ತೆಲುಗಿನಲ್ಲಿ.
ಕನ್ನಡ ಮಾಡುತ್ತಾ ಮಾಡುತ್ತಾ ಎರಡು ಪುಟ ತುಂಬಿತು.
ತಿದ್ದಲೆಂದು ಪೆನ್ನಿನ ಮುಚ್ಚಳ ತೆಗೆದಿಟ್ಟಿದ್ದೆ.
ಹಕ್ಕು ಎಂಬ ಮಾತು
ಅವಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.